ಏಳನೆಯ ಗುಂಡಿ

ಯಾವ ಪ್ರಶ್ನೆಗೂ ಅವನು ಮೂರು ಉಸಿರು ಎಳೆದು ಬಿಡದೆ ಉತ್ತರ ಕೊಟ್ಟವನಲ್ಲ. ಚೆಂಡು ಪ್ಯಾಡಿಗೆ ಬಡಿದು, ಹನ್ನೊಂದು ಜನ ಒಂದೇ ಗಂಟಲಾಗಿ ಅರಚಿ, ಬೌಲರ್ ಮಂಡಿಯೂರಿ ಎರಡೂ ಕೈ ಚಾಚಿ, ಬೇಲಿಯಾಚೆಯ ಮರದ ಕಾಗೆಗಳೆಲ್ಲ ಎದ್ದು ಹಾರಿಹೋದ ಮೇಲೆ, ಆ ಗದ್ದಲಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಅವನು ಮೂಗಿನಿಂದ ನಿಧಾನವಾಗಿ ಒಂದು ಉಸಿರನ್ನು ಎಳೆದು ಬಿಡುತ್ತಿದ್ದ. ಅದು ಚೆಂಡು ಎಲ್ಲಿ ಬಿತ್ತೆಂಬುದಕ್ಕೆ. ಎರಡನೆಯದು, ಎಲ್ಲಿ ತಗುಲಿತೆಂಬುದಕ್ಕೆ. ಮೂರನೆಯದು, ತಗುಲದೆ ಹೋಗಿದ್ದರೆ ಎಲ್ಲಿಗೆ ಹೋಗುತ್ತಿತ್ತೆಂಬುದಕ್ಕೆ. ಆಮೇಲೆ ಬೆರಳು ಏಳುತ್ತಿತ್ತು, ಇಲ್ಲವೇ ಏಳುತ್ತಿರಲಿಲ್ಲ. ಅಷ್ಟರೊಳಗೆ ಬೌಲರ್ ಮಂಡಿ ಝಾಡಿಸಿಕೊಂಡು ಎದ್ದಿರುತ್ತಿದ್ದ, ಬ್ಯಾಟುಗಾರ ದೇವರುಗಳನ್ನೆಲ್ಲ ನೆನೆದು ಮುಗಿಸಿರುತ್ತಿದ್ದ, ಕಾಗೆಗಳು ಮರಕ್ಕೆ ಮರಳಿರುತ್ತಿದ್ದವು.

ಹುಡುಗರು ಅವನಿಗೆ ಮೂರುಸಿರು ಎಂದು ಹೆಸರಿಟ್ಟಿದ್ದರು. ಹಿಂದಿನಿಂದ ಕರೆಯುವ ಹೆಸರಾಗಿ ಹುಟ್ಟಿದ್ದು ನಾಲ್ಕು ವರ್ಷದಲ್ಲಿ ಮುಂದಿನಿಂದ ಕರೆಯುವ ಹೆಸರೇ ಆಯಿತು. ಅವನೂ ಅದಕ್ಕೆ ಓಗೊಡುತ್ತಿದ್ದ, ಮೂರು ಉಸಿರಾದ ಮೇಲೆ.

ಈ ಅಭ್ಯಾಸ ಮೈದಾನದಲ್ಲಿ ಬಂದದ್ದಲ್ಲ, ಹುಟ್ಟಿನಿಂದ ಬಂದದ್ದು. ಹೆಣ್ಣು ನೋಡಲು ಹೋದ ದಿನ, ಹುಡುಗಿ ಒಪ್ಪಿಗೆಯೇ ಎಂದು ಅವಳ ತಂದೆ ಕೇಳಿದರಂತೆ. ಇವನು ಮೊದಲನೆಯ ಉಸಿರು ಎಳೆದಾಗ ತಂದೆಯ ಮುಖ ಸಣ್ಣದಾಯಿತಂತೆ, ಎರಡನೆಯದಕ್ಕೆ ತಾಯಿ ಸೆರಗಿನಿಂದ ಕಣ್ಣು ಒತ್ತಿಕೊಂಡಳಂತೆ, ಮೂರನೆಯದಕ್ಕೆ ಹುಡುಗಿಯ ತಮ್ಮ ಬಾಗಿಲು ತೋರಿಸಲು ಎದ್ದು ನಿಂತಿದ್ದನಂತೆ. ಆಗ ಇವನು 'ಒಪ್ಪಿಗೆ' ಎಂದ. ಆ ಮೂರು ಉಸಿರಿನಲ್ಲಿ ಏನು ಯೋಚಿಸುತ್ತಿದ್ದಿರಿ ಎಂದು ಅವನ ಹೆಂಡತಿ ಇವತ್ತಿನವರೆಗೂ ಕೇಳುತ್ತಾಳೆ. ಅವನು ಇವತ್ತಿನವರೆಗೂ ಹೇಳಿಲ್ಲ.

ಕಸುಬಿನಿಂದ ದರ್ಜಿ. ನಾನು ಮೊಳೆ ಜೋಡಿಸುತ್ತಿದ್ದ ಅಚ್ಚುಕೂಟಕ್ಕೂ ಅವನ ಅಂಗಡಿಗೂ ನಡುವೆ ಒಂದೇ ಗೋಡೆ. ಮೂರು ಜನ ನಿಂತರೆ ನಾಲ್ಕನೆಯವನು ಬೀದಿಯಲ್ಲಿ ನಿಲ್ಲಬೇಕಾದ ಆ ಅಂಗಡಿಯಲ್ಲಿ ಒಂದು ಕಾಲುಮಿಷನ್, ಒಂದು ಕತ್ತರಿಸುವ ಹಲಗೆ, ಅರ್ಧ ಹೊಲಿದ ಪ್ಯಾಂಟುಗಳು ನೇತುಬಿದ್ದ ಒಂದು ತಂತಿ, ಮತ್ತು ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡ ಅವನು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು, ಅಚ್ಚಿನ ಮೊಳೆಗಳಲ್ಲಿ ಅಕ್ಷರಗಳನ್ನು ತಿರುವುಮುರುವಾಗಿ ಓದಿ ಓದಿಯೇ ಭಾಷೆ ಕಲಿತವನು ನಾನು. ಅವನು ಅದೂ ಇಲ್ಲದೆ ಪಟ್ಟಿಯ ಮೇಲಿನ ಅಂಕಿಗಳಿಂದಲೇ ಲೋಕವನ್ನು ಓದಿದವನು. ಯಾರು ಎದುರಿಗೆ ಬಂದರೂ ಅವನ ಕಣ್ಣು ಮೊದಲು ಮುಖಕ್ಕೆ ಹೋಗುತ್ತಿರಲಿಲ್ಲ, ಭುಜಕ್ಕೆ ಹೋಗುತ್ತಿತ್ತು. ಅಲ್ಲಿಂದ ತೋಳಿಗೆ, ಸೊಂಟಕ್ಕೆ, ಹಿಮ್ಮಡಿಗೆ ಇಳಿದು, ಆಮೇಲೆ ಬಿಡುವಿದ್ದರೆ ಮುಖಕ್ಕೆ ಹತ್ತುತ್ತಿತ್ತು. ನಡೆಯುವುದೂ ಅಳೆದೇ. ಮೊಣಕಾಲನ್ನು ಸ್ವಲ್ಪ ಹೆಚ್ಚಾಗಿಯೇ ಎತ್ತಿ, ಪಾದವನ್ನು ಚಪ್ಪಟೆಯಾಗಿ ಊರಿ, ಒಂದು ಹೆಜ್ಜೆಗೆ ಸರಿಯಾಗಿ ಒಂದು ಗಜ. ಅಂಗಡಿಯಿಂದ ಚಹಾದ ಅಂಗಡಿಗೆ ಇಪ್ಪತ್ತೆರಡು ಹೆಜ್ಜೆ, ಒಂದು ಪಿಚ್ಚಿನಷ್ಟು ದೂರ ಎಂದು ಅವನಿಗೆ ಬಹಳ ಸಂತೋಷ.

ಊರಿನ ಎರಡು ದೊಡ್ಡ ತಂಡಗಳೆಂದರೆ ನೂಲಿನ ಗಿರಣಿಯವರದು ಮತ್ತು ರೈಲ್ವೆಯವರದು. ಎರಡೂ ತಂಡದ ಅಷ್ಟೂ ಜನರ ಬಿಳಿ ಪ್ಯಾಂಟುಗಳು ಅವನ ಮಿಷನ್ನಿನ ಕೆಳಗೇ ಹಾದುಬಂದವು. ಇದರಿಂದ ಅಂಪೈರಿಕೆಗೆ ಒದಗಿದ ಅನುಕೂಲ ಮತ್ತಾವ ಅಂಪೈರಿಗೂ ಒದಗಿರಲಾರದು. ಇಪ್ಪತ್ತೆರಡು ಜನರ ಕಾಲಿನ ಉದ್ದವೂ ಅವನಿಗೆ ಬಾಯಿಪಾಠವಾಗಿತ್ತು. ಗಿರಣಿಯ ಮೇಸ್ತ್ರಿಯೊಬ್ಬ ಎಲ್‌ಬಿಡಬ್ಲ್ಯೂ ಆಗಿ, ಚೆಂಡು ಮೊಣಕಾಲಿಗೆ ಬಡಿದಿತ್ತು, ಸ್ಟಂಪಿನ ಮೇಲೆ ಹಾರಿಹೋಗುತ್ತಿತ್ತು ಎಂದು ಒಂದು ವಾರ ಊರೆಲ್ಲ ಹೇಳಿಕೊಂಡು ತಿರುಗಿದ. ಕೊನೆಗೆ ಅಂಗಡಿಗೇ ಬಂದು ಹೇಳಿದ. ಮೂರುಸಿರು ಮಿಷನ್ ನಿಲ್ಲಿಸಲಿಲ್ಲ.

"ನಿನ್ನ ಮೊಣಕಾಲು ನೆಲದಿಂದ ಇಪ್ಪತ್ತೊಂದು ಇಂಚು. ಸ್ಟಂಪು ಇಪ್ಪತ್ತೆಂಟು. ಇನ್ನೂ ಏಳು ಇಂಚು ಮೇಲಿತ್ತು ಕಣಯ್ಯಾ, ಚೆಂಡು ಹೋಗಿ ಕೂರೋದಕ್ಕೆ."

ಮೇಸ್ತ್ರಿ ತನ್ನ ಮೊಣಕಾಲನ್ನು ತಾನೇ ಮೊದಲ ಬಾರಿಗೆ ನೋಡುವವನಂತೆ ಬಗ್ಗಿ ನೋಡಿಕೊಂಡು ಹೊರಟುಹೋದ.

ಅಂಪೈರಿಕೆಗೆಂದು ಅವನು ತಾನೇ ಹೊಲಿದುಕೊಂಡ ಕೋಟಿನ ಬಗ್ಗೆ ಹೇಳದೆ ಅವನ ಬಗ್ಗೆ ಹೇಳಿದಂತಾಗುವುದಿಲ್ಲ. ಮಂಡಿಯವರೆಗೆ ಬರುವ ದಪ್ಪ ಬಿಳಿ ಬಟ್ಟೆಯ ಕೋಟು. ಒಳಗೆ ಹೊರಗೆ ಸೇರಿ ಒಂಬತ್ತು ಜೇಬು: ಒಂದರಲ್ಲಿ ಸ್ಟಂಪಿನ ತಲೆಯ ಮೇಲಿಡುವ ಬೇಲ್ಸು, ಒಂದರಲ್ಲಿ ಬೌಲರನ ಟೋಪಿ, ಒಂದರಲ್ಲಿ ಚೆಂಡಿನ ಕಿತ್ತುಹೋದ ದಾರ ಕತ್ತರಿಸಲು ಪುಟ್ಟ ಕತ್ತರಿ, ಒಂದರಲ್ಲಿ ಜೀರಿಗೆ. ಮುಂದೆ ಎಂಟು ಚಿಪ್ಪಿನ ಗುಂಡಿ. ಆ ಕೋಟು ಹೊಲಿದಾಗ ಉಳಿದ ಅದೇ ಜಾತಿಯ ಆರು ಗುಂಡಿಗಳನ್ನು ಅವನು ಚೆಂಡು ಎಣಿಸಲು ಇಟ್ಟುಕೊಂಡಿದ್ದ. ಓವರ್ ಶುರುವಾಗುವಾಗ ಆರೂ ಬಲಜೇಬಿನಲ್ಲಿ. ಒಂದು ಚೆಂಡಿಗೆ ಒಂದರಂತೆ ಎಡಜೇಬಿಗೆ. ಬಲಜೇಬು ಬರಿದಾದರೆ 'ಓವರ್'. ಪಂದ್ಯಕ್ಕೆ ಮೊದಲು, ಸ್ಕೋರು ಬರೆಯುವ ನನ್ನ ತಗಡಿನ ಗೂಡಿಗೆ ಬಂದು, ಮೇಜಿನ ಮೇಲೆ ಆರನ್ನೂ ಸುರಿದು ನನ್ನ ಎದುರಿಗೆ ಎಣಿಸುವನು. ಪಂದ್ಯ ಮುಗಿದ ಮೇಲೆ ಮತ್ತೆ ಬಂದು ಎಣಿಸಿ ಡಬ್ಬಿಗೆ ಹಾಕುವನು. ಮೂವತ್ತು ವರ್ಷ ಹೀಗೆಯೇ ನಡೆಯಿತು.

ಆ ಕೋಟನ್ನು ಈಗ ನೋಡಿದವರು ಒಂದನ್ನು ಕೇಳಿಯೇ ಕೇಳುತ್ತಾರೆ: ಏಳು ಗುಂಡಿಗೆ ಬಿಳಿ ದಾರ, ಮೇಲಿನಿಂದ ಮೂರನೆಯದಕ್ಕೆ ಮಾತ್ರ ಗಾಢ ನೀಲಿ ದಾರ, ಊರಿಗೇ ಹೊಲಿಯುವ ದರ್ಜಿಯ ಕೋಟಿನಲ್ಲಿ ಇದೇನು ಅಂದಗೇಡು? ಆ ನೀಲಿ ದಾರಕ್ಕೆ ಬರುವ ಮೊದಲು ಅವನ ಬಾಮೈದನ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಮುಂದೆ ಬೇಕಾಗುತ್ತದೆ.

ಹೆಣ್ಣು ನೋಡುವ ದಿನ ಬಾಗಿಲು ತೋರಿಸಲು ಎದ್ದು ನಿಂತಿದ್ದ ಆ ತಮ್ಮ, ಮುಂದೆ ಗಿರಣಿಯ ಗುಮಾಸ್ತನಾಗಿ, ಹೇಗೋ ಕಾಡಿ ಬೇಡಿ ಗಿರಣಿಯ ತಂಡಕ್ಕೂ ಸೇರಿದ. ಮೊದಲ ಪಂದ್ಯ. ಅಕ್ಕ ಅವನಿಗೆ ಹೊಸ ಅಂಗಿ ಹೊಲಿಸಿ, ನೆರೆಮನೆಯವರನ್ನೆಲ್ಲ ಕೂಡಿಸಿಕೊಂಡು ಆಟ ನೋಡಲು ಬಂದಿದ್ದಳು. ಅವನು ಎದುರಿಸಿದ ಮೊದಲ ಚೆಂಡೇ ಪ್ಯಾಡಿಗೆ ಬಡಿಯಿತು. ಭಾವನ ಮುಖವನ್ನು ಬಾಮೈದ ನೋಡಿದ, ಬಾಮೈದನ ಕಾಲನ್ನು ಭಾವ ನೋಡಿದ. ಮೂರು ಉಸಿರು. ಬೆರಳು ಎದ್ದಿತು. ಆಮೇಲೆ ಒಂಬತ್ತು ದಿನ ಆ ಮನೆಯಲ್ಲಿ ತಟ್ಟೆ ಲೋಟಗಳು ಮಾತಾಡಿದವೇ ಹೊರತು ಹೆಂಡತಿ ಮಾತಾಡಲಿಲ್ಲ. ಹತ್ತನೆಯ ದಿನ ಅವಳು ಬಾಯಿ ಬಿಟ್ಟು, ಒಂದೇ ಒಂದು ರನ್ ಹೊಡೆಯೋವರೆಗೆ ಕಾಯಬಹುದಿತ್ತಲ್ಲ ಎಂದಳಂತೆ. ಅವನು ಉಸಿರು ಎಳೆಯತೊಡಗಿದ್ದು ನೋಡಿ, ಬೇಡ ಬಿಡಿ, ಉತ್ತರ ಗೊತ್ತಾಯಿತು ಎಂದು ಒಳಗೆ ಹೋದಳಂತೆ.

ಇಂಥವನನ್ನು ಯಾರು ಪ್ರಶ್ನಿಸಿಯಾರು. ಅವನು ಓವರ್ ಎಂದರೆ ಓವರ್, ಔಟ್ ಎಂದರೆ ಔಟ್. ಎರಡೂ ತಂಡದವರು ಬೇರೆ ಎಲ್ಲದಕ್ಕೂ ಜುಟ್ಟು ಹಿಡಿದು ಜಗಳವಾಡುತ್ತಿದ್ದರು: ನೆರಳು ಯಾರ ಡೇರೆಗೆ, ಹಳೆಯ ಚೆಂಡು ಯಾರ ಮನೆಗೆ, ಒಂದು ಹಿಡಿ ಮುರಿದ ಆ ಸೊಟ್ಟ ಬಟ್ಟಲು ವರ್ಷವಿಡೀ ಯಾರ ಕಪಾಟಿನಲ್ಲಿ ಇರಬೇಕು ಎಂಬುದಕ್ಕೆಲ್ಲ. ಆದರೆ ಅಂಪೈರ್ ಯಾರು ಎಂಬುದಕ್ಕೆ ಮಾತ್ರ ಮೂವತ್ತು ವರ್ಷದಲ್ಲಿ ಒಂದು ಸೊಲ್ಲೂ ಎದ್ದಿರಲಿಲ್ಲ.

ಇನ್ನು ಆ ಪಂದ್ಯ. ಓವರುಗಳಿಗೆ ಮಿತಿ ಇಲ್ಲದ ಹಳೆಯ ಕಾಲದ ಆಟ. ಬೆಳಿಗ್ಗೆ ಒಂದು ತಂಡ ಆಡಿ ಮುಗಿಸಿದರೆ ಮಧ್ಯಾಹ್ನ ಇನ್ನೊಂದು ಆಡುವುದು, ಹೊತ್ತು ಮುಳುಗುವುದರೊಳಗೆ ಸೋಲೋ ಗೆಲುವೋ ಆಗಬೇಕು. ಗಿರಣಿಯವರು ನೂರ ಎಂಬತ್ತೊಂದು ಹೊಡೆದರು. ರೈಲ್ವೆಯವರದು ನೂರ ಎಪ್ಪತ್ತೊಂಬತ್ತಕ್ಕೆ ಒಂಬತ್ತು ವಿಕೆಟ್ ಹೋಗಿತ್ತು. ಗೆಲ್ಲಲು ಮೂರು ರನ್ ಬೇಕು. ಒಂದು ತುದಿಯಲ್ಲಿ ಟಿಕೆಟ್ ತಪಾಸಣೆಯವರು, ತೊಂಬತ್ತೆಂಟು ಹೊಡೆದು ನಿಂತಿದ್ದರು. ವಯಸ್ಸು ನಲವತ್ತೇಳು. ಕೆಮ್ಮಿದರೂ ಬೆನ್ನು ಹಿಡಿಯುವ ಆ ವಯಸ್ಸಿನಲ್ಲಿ, ಇದೇ ನನ್ನ ಕೊನೆಯ ಪಂದ್ಯ ಎಂದು ಬೆಳಿಗ್ಗೆಯೇ ಹೇಳಿ ಬಂದಿದ್ದರು. ಬದುಕಿನಲ್ಲಿ ಒಂದು ಶತಕವನ್ನೂ ಹೊಡೆದವರಲ್ಲ. ಹಿಂದೆ ಎರಡು ಬಾರಿ ತೊಂಬತ್ತು ದಾಟಿ ಎಡವಿದ್ದರು. ಇನ್ನೊಂದು ತುದಿಯಲ್ಲಿ ಕೊನೆಯವನಾಗಿ ಬಂದವನು ರೈಲ್ವೆ ಕ್ಯಾಂಟೀನಿನ ಅಡುಗೆಯವನು. ಬ್ಯಾಟನ್ನು ಸೌಟಿನಂತೆ ಹಿಡಿದು, ಯಾರಾದರೂ ಬಂದು ತನ್ನನ್ನು ಬಿಡಿಸಿಕೊಂಡು ಹೋಗುತ್ತಾರೇನೋ ಎಂದು ಡೇರೆಯ ಕಡೆಗೇ ನೋಡುತ್ತ ನಿಂತಿದ್ದ.

ಬೌಲರ್ ಗಿರಣಿಯ ಬಣ್ಣದ ಮನೆಯವನು. ಉಗುರಿನ ಸಂದಿಯಿಂದ ಕೆಂಪು ಎಂದೂ ಹೋಗದ ಅವನ ಕೈಯಲ್ಲಿ ಚೆಂಡು ಯಾವುದು, ಬೆರಳು ಯಾವುದು ಎಂದು ದೂರದಿಂದ ತಿಳಿಯುತ್ತಿರಲಿಲ್ಲ. ತಪಾಸಣೆಯವರ ಲೆಕ್ಕ ಸರಳವಾಗಿತ್ತು: ಓವರಿನ ಐದು ಚೆಂಡು ತಾವೇ ತಡೆಯುವುದು, ಆರನೆಯದಕ್ಕೆ ಒಂದು ರನ್ ಓಡಿ ಮುಂದಿನ ಓವರಿಗೂ ತಾವೇ ಬ್ಯಾಟು ಹಿಡಿಯುವುದು, ಸೌಟಿನವನಿಗೆ ಚೆಂಡು ತೋರಿಸದಿರುವುದು. ಐದು ತಡೆದರು. ಆರನೆಯದು ನೇರ ಕಾಲಬೆರಳಿಗೇ ಬಂತು. ಹೇಗೋ ಬ್ಯಾಟು ಇಳಿಸಿ ಉಳಿದುಕೊಂಡರು, ರನ್ ಸಿಗಲಿಲ್ಲ. ನಾನು ಪುಸ್ತಕದಲ್ಲಿ ಆರನೆಯ ಚುಕ್ಕೆ ಇಟ್ಟು ಓವರ್ ಮುಗಿದ ಗೆರೆ ಎಳೆದೆ. ಅಡುಗೆಯವನು ಒಂದು ಸಲ ಆಕಾಶ ನೋಡಿದ. ಮೂರು ನಾಲ್ಕು ಜನ ಆಚೆ ತುದಿಗೆ ಹೋಗಲು ಹೆಜ್ಜೆ ಹಾಕಿದರು. ಬೌಲರ್ ತನ್ನ ಟೋಪಿಗೆ ಕೈ ಚಾಚಿಕೊಂಡು ಅಂಪೈರನ ಹತ್ತಿರ ಬಂದ.

ಮೂರುಸಿರು ಟೋಪಿ ಕೊಡಲಿಲ್ಲ. ಎಲ್ಲಿಗೆ ಬಂದೆ ಎನ್ನುವಂತೆ ನೋಡಿ, ಓಟ ಶುರುಮಾಡುವ ಜಾಗದ ಕಡೆಗೆ ಗದ್ದ ತೋರಿಸಿದ.

ಆ ಗಳಿಗೆಯನ್ನು ನಾನು ಎಷ್ಟೋ ಸಲ ನೆನೆದಿದ್ದೇನೆ. ಬೌಲರ್ ಒಂದು ಕ್ಷಣ ತನ್ನ ಕೆಂಪು ಬೆರಳುಗಳನ್ನು ಮಡಚಿ ಎಣಿಸಿಕೊಂಡ, ಅಂಪೈರನ ಮುಖ ನೋಡಿದ, ತಲೆ ಕೆರೆದುಕೊಂಡು ಹಿಂದಕ್ಕೆ ಹೋದ. ಆಚೆ ತುದಿಗೆ ಹೊರಟವರು ಒಬ್ಬರ ಮುಖ ಒಬ್ಬರು ನೋಡಿ ತಮ್ಮ ತಮ್ಮ ಜಾಗಕ್ಕೆ ಮರಳಿದರು. ಬ್ಯಾಟುಗಾರನ ಪಕ್ಕಕ್ಕೆ ದೂರದಲ್ಲಿ ನಿಂತಿದ್ದ ಇನ್ನೊಬ್ಬ ಅಂಪೈರು ಆರು ಬೆರಳು ಎತ್ತಲು ಹೋದವನು ಕೈಯನ್ನು ಹಾಗೆಯೇ ಕಿವಿ ತುರಿಸಲು ಬಳಸಿದ. ನಾನು, ಪೆನ್ಸಿಲು ಕೈಯಲ್ಲಿದ್ದವನು, ಆರು ಚುಕ್ಕೆ ಕಣ್ಣೆದುರಿಗಿದ್ದವನು, ರಬ್ಬರು ತೆಗೆದುಕೊಂಡು ಗೆರೆಯನ್ನು ಅಳಿಸಿದೆ. ನನ್ನ ಪುಸ್ತಕಕ್ಕೆ ಅಂದಿನವರೆಗೆ ರಬ್ಬರು ಸೋಕಿರಲಿಲ್ಲ. ಇಡೀ ಮೈದಾನ ಸರಿಯಾಗಿ ಎಣಿಸಿ, ತಪ್ಪು ಎಣಿಸಿದವನೊಬ್ಬನನ್ನು ನಂಬಿತು.

ಚೆಂಡು ಬಂತು. ತಪಾಸಣೆಯವರು, ದಿನವಿಡೀ ನೆಟ್ಟಗೆ ಬ್ಯಾಟು ಹಿಡಿದು ಆಡಿದ ಆ ಮನುಷ್ಯ, ಮೈಮೇಲೆ ಏನೋ ಬಂದವರಂತೆ ಅಡ್ಡಕ್ಕೆ ಬೀಸಿದರು. ಬ್ಯಾಟು ಗಾಳಿಯನ್ನು ಹೊಡೆಯಿತು, ಚೆಂಡು ಪ್ಯಾಡನ್ನು ಹೊಡೆಯಿತು. ಕೂಗು. ಕಾಗೆಗಳು. ಮೂರು ಉಸಿರು, ನಾನು ಕಂಡ ಅತ್ಯಂತ ಉದ್ದದ ಮೂರು ಉಸಿರು. ಬೆರಳು ಎದ್ದಿತು.

ಗಿರಣಿಯವರು ಎರಡು ರನ್ನಿನಿಂದ ಗೆದ್ದರು. ತೊಂಬತ್ತೆಂಟಕ್ಕೆ ನಿಂತ ಮನುಷ್ಯ ತಲೆ ತಗ್ಗಿಸಿಕೊಂಡು, ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದ ಎರಡೂ ಡೇರೆಗಳ ನಡುವೆ, ಯಾರ ಕಡೆಗೂ ನೋಡದೆ ನಡೆದುಹೋದರು.

ಮೂರುಸಿರು ನನ್ನ ತಗಡಿನ ಗೂಡಿಗೆ ಬಂದ. ಎಂದಿನಂತೆ ಗುಂಡಿಗಳನ್ನು ಮೇಜಿನ ಮೇಲೆ ಸುರಿದು, ಒಂದೊಂದಾಗಿ ಬೆರಳ ತುದಿಯಿಂದ ಸರಿಸಿ ಎಣಿಸಿದ. ಏಳು. ಇನ್ನೊಮ್ಮೆ ಎಣಿಸಿದ, ಏಳೇ. ಆಮೇಲೆ ಕೈ ತನ್ನಷ್ಟಕ್ಕೆ ತಾನೇ ಎದೆಯ ಮೇಲೆ ಹೋಯಿತು. ಕೋಟಿನ ಮೂರನೆಯ ಗುಂಡಿ ಇರಬೇಕಾದಲ್ಲಿ ಎರಡು ಎಳೆ ದಾರ ಇತ್ತು. ಯೋಚನೆಯ ಹೊತ್ತಿನಲ್ಲಿ ಆ ಗುಂಡಿಯನ್ನು ಹೆಬ್ಬೆರಳಿನಿಂದ ತಿರುಚುವುದು ಅವನ ಹಳೆಯ ಚಾಳಿ. ಸಡಿಲವಾಗಿದೆ, ಬಿಚ್ಚಿಕೊಡಿ, ಹಾಕಿಕೊಡುತ್ತೇನೆ ಎಂದು ಹೆಂಡತಿ ಇಡೀ ಚಳಿಗಾಲ ಹೇಳಿದ್ದಳು. ಆ ಕೊನೆಯ ಓವರಿನ ಆರಂಭದ ಬಿಗಿಯಲ್ಲಿ ಅದು ಕಿತ್ತು ಅಂಗೈಗೆ ಬಂದಿದೆ. ಓವರಿಗೆ ಮೊದಲು ಗುಂಡಿಗಳನ್ನು ಬಲಜೇಬಿಗೆ ತುಂಬುವುದನ್ನೇ ಮೂವತ್ತು ವರ್ಷ ಕಲಿತ ಕೈ, ಯಜಮಾನನನ್ನು ಕೇಳದೆ ಅದನ್ನೂ ಬಲಜೇಬಿಗೆ ಬಿಟ್ಟಿದೆ.

"ಪುಸ್ತಕ ತೋರಿಸು," ಎಂದ.

ತೋರಿಸಿದೆ. ಅಳಿಸಿದ ಗೆರೆಯ ಮಸುಕಿನ ಮೇಲೆ ಬೆರಳಿಟ್ಟು ಕೇಳಿದ, "ಇದೇನು?"

"ಗೆರೆ ಎಳೆದಿದ್ದೆ. ನೀನು ಓವರ್ ಅನ್ನಲಿಲ್ಲ. ನಾನೇ ತಪ್ಪಿದೆ ಅಂದ್ಕೊಂಡು ಅಳಿಸಿದೆ."

"ನಿನ್ನ ಕೈಯಲ್ಲಿ ಪೆನ್ಸಿಲ್ ಇತ್ತಲ್ಲಯ್ಯಾ."

"ನಿನ್ನ ಜೇಬಲ್ಲಿ ಗುಂಡಿ ಇತ್ತಲ್ಲಯ್ಯಾ."

ಆಗ ನಾನು ನನ್ನ ವಿದ್ಯೆಯನ್ನೆಲ್ಲ ಹೊರಗೆ ತೆಗೆದೆ. ಕ್ರಿಕೆಟಿನ ಕಾನೂನು ಪುಸ್ತಕವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಒಂದು ಮಳೆಗಾಲವೆಲ್ಲ ಓದಿ ಮುಗಿಸಿದವನು ನಾನು. ಅಂಪೈರ್ ಚೆಂಡುಗಳನ್ನು ತಪ್ಪಾಗಿ ಎಣಿಸಿದರೂ ಅವನು ಎಣಿಸಿದ್ದೇ ಓವರ್, ಹಾಗಂತ ಅದರಲ್ಲಿ ಸ್ಪಷ್ಟವಾಗಿದೆ, ಏಳನೆಯ ಚೆಂಡಿಗೆ ಬಿದ್ದ ವಿಕೆಟ್ಟೂ ವಿಕೆಟ್ಟೇ, ಯಾರೂ ಏನೂ ಅನ್ನುವಂತಿಲ್ಲ ಎಂದು ವಿವರಿಸಿದೆ. ಅವನು ಪೂರ್ತಿ ಕೇಳಿಸಿಕೊಂಡ.

"ತೋಳು ಎರಡಿಂಚು ಗಿಡ್ಡ ಹೊಲಿದ ಅಂಗೀನೂ ಅಂಗೀನೇ," ಎಂದ. "ಹಾಕ್ಕೊಂಡವನ ಕೈ ಮಾತ್ರ ಜೀವಮಾನ ಪೂರ್ತಿ ಹೊರಗಿರುತ್ತೆ. ಅವರ ಪಾಲಿಗೆ ಸಿಗೋದಿದ್ದದ್ದು ಒಂದೇ ಶತಕ ಕಣಯ್ಯಾ. ನಾನದನ್ನ ಜೇಬಿಗೆ ಹಾಕ್ಕೊಂಡೆ."

ಸಂಜೆ ಮನೆಯಲ್ಲಿ ಹೆಂಡತಿಗೂ ಹೇಳಿದ. ನಾನೂ ಜೊತೆಗೆ ಹೋಗಿದ್ದೆ. ಗುಂಡಿಯ ವಿಷಯ ಬಂದಾಗ ಎದುರಿಗೆ ಇನ್ನೊಬ್ಬರಿದ್ದರೆ ಬೈಗುಳ ಅರ್ಧವಾಗುತ್ತದೆಂಬ ಅವನ ನಂಬಿಕೆ ಅಂದು ಸುಳ್ಳಾಯಿತು. ಊರಿನವರ ಗುಂಡಿಗೆಲ್ಲ ಇವರ ಹತ್ತಿರ ದಾರ ಇದೆ, ತಮ್ಮ ಗುಂಡಿಗೆ ಮಾತ್ರ ನಾಳೆ, ನಾಡಿದ್ದು ಎಂದು ಶುರುಮಾಡಿ ಚಳಿಗಾಲದ ಒಂದೊಂದು ವಾರವನ್ನೂ ನೆನಪಿಸಿದಳು. ಆಮೇಲೆ, ತಾನು ಇನ್ನು ಮೈದಾನಕ್ಕೆ ಇಳಿಯುವುದಿಲ್ಲ, ಕೋಟನ್ನು ಕೊಟ್ಟುಬಿಡುತ್ತೇನೆ ಎಂದು ಅವನು ಅಂದಾಗ ಅವಳ ದನಿ ಬದಲಾಯಿತು.

"ಅದನ್ನ ಆಮೇಲೆ ನೋಡ್ಕೊಳ್ಳಿ. ಮೊದಲು ಹೋಗಿ ಅವರ ಮುಖ ನೋಡಿ ಹೇಳಿ ಬನ್ನಿ. ನನ್ನ ತಮ್ಮನ್ನ ಸೊನ್ನೆಗೆ ಕಳಿಸಿದ ಬೆರಳು ಅದು. ಅದಕ್ಕೊಂದು ಮರ್ಯಾದೆ ಇದೆ, ಕಳೀಬೇಡಿ. ಇದೊಂದಕ್ಕೆ ಮಾತ್ರ ಮೂರು ಉಸಿರು ಎಳೀತಾ ಕೂರಬೇಡಿ."

ಮರುದಿನ ಬೆಳಿಗ್ಗೆ ರೈಲ್ವೆ ವಸತಿಯ ಸಾಲಿಗೆ ಹೋದೆವು. ಒಂದೇ ಅಳತೆಯ ಬಾಗಿಲು, ಒಂದೇ ಅಳತೆಯ ಕಿಟಕಿ, ಒಂದೇ ಹಸಿರು ಬಣ್ಣ. ಬೇರೆ ದಿನವಾಗಿದ್ದರೆ ಅವನು ಹೆಜ್ಜೆ ಹಾಕಿ ಅಳೆದು ಸಂತೋಷಪಡುತ್ತಿದ್ದ. ಅಂದು ಕಂಕುಳಲ್ಲಿ ಕಾಗದ ಸುತ್ತಿದ ಕೋಟು, ಹೆಜ್ಜೆಯ ಅಳತೆಯೂ ತಪ್ಪಿತ್ತು. ತಪಾಸಣೆಯವರೇ ಬಾಗಿಲು ತೆಗೆದರು. ಬನಿಯನ್ನು, ಕೈಯಲ್ಲಿ ಕ್ಷೌರದ ಬ್ರಷ್ಷು, ಒಂದು ಕೆನ್ನೆಯ ಮೇಲೆ ಮಾತ್ರ ನೊರೆ. ನಮ್ಮಿಬ್ಬರನ್ನು ಕಂಡದ್ದೇ ನೊರೆಯಿಲ್ಲದ ಕೆನ್ನೆಯೂ ಬಿಳುಚಿತು.

"ಬರ್ತೀರಿ ಅಂತ ಗೊತ್ತಿತ್ತು ಅಣ್ಣಾ," ಎಂದು ಒಳಗೆ ಕರೆದು, ಹೆಂಡತಿಗೆ ಚಹಾ ಇಡಲು ಹೇಳಿ, ಕಳ್ಳಮಾಲಿನ ಸಮೇತ ಸಿಕ್ಕಿಬಿದ್ದವರಂತೆ ಕುರ್ಚಿಯ ತುದಿಯಲ್ಲಿ ಕೂತರು.

ಮೂರುಸಿರು ಅದನ್ನೊಂದನ್ನೂ ಗಮನಿಸುವ ಸ್ಥಿತಿಯಲ್ಲಿರಲಿಲ್ಲ. ಮೇಜಿನ ಮೇಲೆ ಏಳು ಗುಂಡಿ ಸುರಿದ. ಯಾವುದು ಎಲ್ಲಿಂದ ಬಂತು, ಕೈ ಹೇಗೆ ತಪ್ಪಿತು, ಎಲ್ಲವನ್ನೂ ಒಂದು ಉಸಿರೂ ಎಳೆಯದೆ ಹೇಳಿ ಮುಗಿಸಿದ. ನನಗೆ ತಿಳಿದಂತೆ ಅವನು ಬದುಕಿನಲ್ಲಿ ಅಷ್ಟು ಬೇಗ ಮಾತಾಡಿದ್ದು ಅದೊಂದೇ ಸಲ. ಕೋಟಿನ ಕಟ್ಟನ್ನು ಅವರ ತೊಡೆಯ ಮೇಲಿಟ್ಟ. ಇದನ್ನು ನೀವೇ ಇಟ್ಟುಕೊಳ್ಳಿ ಸ್ವಾಮಿ, ಎಣಿಸಲು ಬಾರದವನ ಮೈಮೇಲೆ ಇದು ಇರಬಾರದು, ನಿಮ್ಮ ಶತಕವನ್ನು ತಂದುಕೊಡಲು ನನ್ನಿಂದ ಆಗದು, ಇದಾದರೂ ಇರಲಿ ಎಂದ.

ತಪಾಸಣೆಯವರು ಕೋಟನ್ನು ನೋಡಿದರು, ಗುಂಡಿಗಳನ್ನು ನೋಡಿದರು, ನನ್ನ ಮುಖವನ್ನೂ ಒಮ್ಮೆ ನೋಡಿದರು.

"ಅಂದರೆ ನಿಮಗೆ ಗೊತ್ತೇ ಇರಲಿಲ್ವಾ?" ಎಂದು ಕೇಳಿದರು.

"ಏನು?"

"ಅದು ಏಳನೇದು ಅಂತ. ನನಗೆ ಗೊತ್ತಿತ್ತು ಅಣ್ಣಾ. ಒಂದೊಂದು ಚೆಂಡೂ ಎಣಿಸ್ತಾ ಇದ್ದೆ. ಆರು ಮುಗೀತು, ನೀವು ಓವರ್ ಅನ್ನಲಿಲ್ಲ. ಇಪ್ಪತ್ತಾರು ವರ್ಷ ಕೆಲಸ ಮಾಡಿದ್ದೀನಿ, ಟಿಕೆಟ್ ಇಲ್ಲದ ಒಬ್ಬನನ್ನೂ ಇಳಿಸದೆ ಬಿಟ್ಟವನಲ್ಲ. ನಿನ್ನೆ ನಾನೇ ಟಿಕೆಟ್ ಇಲ್ಲದ ಚೆಂಡು ಆಡಿದೆ." ನೊರೆ ಒಣಗಿ ಕೆನ್ನೆ ತುರಿಸುತ್ತಿದ್ದರೂ ಅವರು ಕೈ ಎತ್ತಲಿಲ್ಲ. "ಹೇಗೂ ಬಿಟ್ಟಿ ಸಿಕ್ಕಿದ್ದು, ಎತ್ತಿ ಬಾರಿಸಿಬಿಡೋಣ ಅನ್ನಿಸಿತು. ಅದಕ್ಕೇ ಅಡ್ಡಬೀಸಿದ್ದು. ಲೆಕ್ಕದ ಚೆಂಡಾಗಿದ್ದರೆ ನಾನು ಅಂಥಾ ಹೊಡೆತಕ್ಕೆ ಹೋಗ್ತಿದ್ನಾ? ನೀವು ಅದನ್ನ ಕೇಳೋಕೇ ಬಂದ್ರಿ ಅಂದ್ಕೊಂಡೆ."

ಒಳಗಿನಿಂದ ಚಹಾ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು, ಅದಕ್ಕೇ ನಿನ್ನೆಯಿಂದ ಊಟಕ್ಕೆ ಕೂತರೂ ಕೊಟ್ಟ ಸಾಲ ಕೇಳಲು ಯಾರೋ ಬರುತ್ತಾರೆನ್ನುವ ಹಾಗೆ ಬಾಗಿಲು ನೋಡುತ್ತಿದ್ದರು ಎಂದಳು.

"ಗೊತ್ತಿದ್ದೂ ನನಗೆ ಹೇಳಲಿಲ್ಲ," ಎಂದ ಮೂರುಸಿರು.

"ಹೇಳಿದ್ದರೆ ನೀವು ಓವರ್ ಅಂತಿದ್ರಿ. ಅಡುಗೆಯವನ ಕೈಗೆ ಆಟ ಹೋಗ್ತಿತ್ತು."

ಮೂರುಸಿರು ಎದ್ದು ನಿಂತ. ಆ ಪುಟ್ಟ ಮುಂಕೋಣೆಯಲ್ಲಿ, ಗೋಡೆಯ ಗಡಿಯಾರದ ಕೆಳಗೆ, ಎರಡು ಕುರ್ಚಿಗಳ ನಡುವಿನ ಅಷ್ಟು ಜಾಗದಲ್ಲಿ, ಕಾಲು ಜೋಡಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತ. ಅವನ ಕಣ್ಣು ತಪಾಸಣೆಯವರ ಕಾಲಿನ ಮೇಲಿತ್ತು. ಮೂಗಿನಿಂದ ಒಂದು ಉಸಿರು ಎಳೆದು ಬಿಟ್ಟ. ತಪಾಸಣೆಯವರಿಗೆ ಅರ್ಥವಾಗಿ, ಬ್ರಷ್ಷು ಹಿಡಿದುಕೊಂಡೇ ಅವರೂ ಎದ್ದು ನಿಂತರು. ಎರಡನೆಯ ಉಸಿರು. ಅವರ ಹೆಂಡತಿ ಚಹಾದ ತಟ್ಟೆ ಹಿಡಿದು ಅಲ್ಲಾಡಲಿಲ್ಲ. ಮೂರನೆಯ ಉಸಿರು ಬಹಳ ಉದ್ದವಾಗಿತ್ತು, ಅದರಲ್ಲಿ ನಿನ್ನೆಯ ಸಂಜೆಯಿಂದ ಎದೆಯಲ್ಲಿ ಕೂತಿದ್ದದ್ದೆಲ್ಲ ಹೊರಗೆ ಬಂದಂತಿತ್ತು. ಬಲಗೈ ಎದ್ದಿತು, ತೋರುಬೆರಳು ನೆಟ್ಟಗಾಯಿತು.

"ಔಟು," ಎಂದ.

ಮೊದಲು ನಕ್ಕವರು ತಪಾಸಣೆಯವರು. ಒಂದು ಕೆನ್ನೆಯ ನೊರೆ ಚೂರುಚೂರಾಗಿ ಉದುರುವಂತೆ ನಕ್ಕರು. ಅವರ ಹೆಂಡತಿ ತಟ್ಟೆಯನ್ನು ಕೆಳಗಿಟ್ಟು ನಕ್ಕಳು. ನಾನು ನಗುತ್ತ ನಗುತ್ತ ಕಣ್ಣು ಒರೆಸಿಕೊಂಡೆ. ಮೂರುಸಿರು ಮಾತ್ರ ತೀರ್ಪು ಕೊಟ್ಟವನು ನಗಬಾರದೆಂಬ ಮೂವತ್ತು ವರ್ಷದ ಶಿಸ್ತಿನಲ್ಲಿ ಸ್ವಲ್ಪ ಹೊತ್ತು ತುಟಿ ಬಿಗಿಹಿಡಿದು, ಆಮೇಲೆ ಸೋತ.

ತಪಾಸಣೆಯವರು ಕೋಟನ್ನು ಎತ್ತಿ ಅವನ ಕೈಗೇ ಕೊಟ್ಟರು. ನನ್ನ ತೊಂಬತ್ತೆಂಟು ಇರಲಿ, ಶತಕ ಹೊಡೆದವರನ್ನು ಜನ ಎರಡು ದಿನಕ್ಕೆ ಮರೆಯುತ್ತಾರೆ, ಇದನ್ನು ಯಾರು ಮರೆಯುತ್ತಾರೆ ನೋಡೋಣ ಎಂದರು. ಅದು ಸಮಾಧಾನಕ್ಕೆ ಆಡಿದ ಮಾತೋ, ನಿಜವೋ, ನಾನು ಹೇಳಲಾರೆ. ಹೇಳುವಾಗ ಅವರ ಕಣ್ಣು ಒಮ್ಮೆ ಮೂಲೆಯಲ್ಲಿದ್ದ ಬ್ಯಾಟಿನ ಕಡೆಗೆ ಹೋಗಿ ಬಂದದ್ದನ್ನು ಮಾತ್ರ ನೋಡಿದೆ. ಮೂರುಸಿರು ಸೂಜಿ ದಾರ ಕೇಳಿದ. ಆ ಮನೆಯಲ್ಲಿದ್ದದ್ದು ಅವರ ಸಮವಸ್ತ್ರಕ್ಕೆ ಹಾಕುವ ಗಾಢ ನೀಲಿ ದಾರ ಒಂದೇ. ಇದು ಹೊಂದುವುದಿಲ್ಲ, ಅಂಗಡಿಯಲ್ಲಿ ಬಿಳಿ ಹಾಕಿಕೊಳ್ಳಿ ಎಂದು ಆಕೆ ಸಂಕೋಚಪಟ್ಟರೂ ಕೇಳದೆ, ಚಹಾ ಆರುತ್ತಿರಲು ಬಿಟ್ಟು, ಅಲ್ಲೇ ಕೂತು ನೀಲಿ ದಾರದಲ್ಲಿ ಗುಂಡಿ ಹಾಕಿ, ನಾಲ್ಕು ಸುತ್ತು ಸುತ್ತಿ, ಹಲ್ಲಿನಿಂದ ದಾರ ಕಡಿದ.

ಆಮೇಲೆ ಅವನು ಆ ತಪ್ಪನ್ನು ಮುಚ್ಚಿಟ್ಟುಕೊಳ್ಳಲಿಲ್ಲ. ಅಂಗಡಿಗೆ ಬಂದವರಿಗೆಲ್ಲ, ಅಳತೆ ಕೊಡಲು ಕೈ ಚಾಚಿ ನಿಂತು ತಪ್ಪಿಸಿಕೊಳ್ಳಲಾರದವರಿಗೆ, ತಾನಾಗಿ ಹೇಳಿದ. ಮುಂದಿನ ವರ್ಷದಿಂದ ಒಂದು ಹೊಸ ಕಟ್ಟಳೆಯನ್ನೂ ತಂದ: ಆರನೆಯ ಚೆಂಡಾದಾಗ ನಾನು ಗೂಡಿನಿಂದ ಕೆಂಪು ಕರವಸ್ತ್ರ ಬೀಸಬೇಕು. ನಾನು ಒಮ್ಮೆ ಜಂಬದಿಂದ ಐದಕ್ಕೇ ಬೀಸಿ, ಅವನು ಅಷ್ಟು ದೂರದಿಂದ ನನ್ನತ್ತ ಒಂದು ಬೆರಳು ತೋರಿಸಿ ಎರಡೂ ಡೇರೆಗಳನ್ನು ನಗಿಸಿದ್ದುಂಟು. ಬೌಲರುಗಳು ಗಟ್ಟಿಯಾಗಿ ಎಣಿಸುವುದನ್ನು ಕಲಿತರು. ಆ ಅಡುಗೆಯವನಂತೂ, ತನ್ನನ್ನು ಮುಂದಿನ ಓವರಿನಿಂದ ಉಳಿಸಿದ ಮಹಾನುಭಾವನೆಂದು, ಎಲ್ಲಿ ಕಂಡರೂ ಮೂರುಸಿರಿಗೆ ಎರಡೂ ಕೈ ಎತ್ತಿ ಮುಗಿಯುತ್ತಿದ್ದ. ಇಷ್ಟಾದರೂ ಅಂಪೈರ್ ಯಾರು ಎಂಬ ಮಾತಿಗೆ ಯಾವ ತಂಡದಿಂದಲೂ ಒಂದು ಸೊಲ್ಲೂ ಏಳಲಿಲ್ಲ.

ಈಗ ಮಂಡಿ ನೋವೆಂದು ಅವನು ಮೈದಾನಕ್ಕೆ ಇಳಿಯುವುದಿಲ್ಲ. ಇನ್ನೊಂದು ಲೋಟ ಚಹಾ ಹಾಕಲೇ ಎಂದು ಕೇಳಿದರೆ ಈಗಲೂ ಮೂರು ಉಸಿರು ಎಳೆಯುತ್ತಾನೆ, ಅಷ್ಟರಲ್ಲಿ ಚಹಾ ಆರುತ್ತದೆ. ಕೋಟು ಅಂಗಡಿಯ ತಂತಿಯ ಮೇಲಿದೆ.

ನನ್ನ ಹಳೆಯ ಪುಸ್ತಕಗಳನ್ನು ಆಗಾಗ ತೆರೆದು ನೋಡುತ್ತೇನೆ. ಹೊಡೆದವರ ಸಾಲಿದೆ, ಎಸೆದವರ ಸಾಲಿದೆ, ಹಿಡಿದವರ ಹೆಸರೂ ಇದೆ. ಇಡೀ ದಿನ ಬಿಸಿಲಿನ ನಡುವೆ ನಿಂತು, ತಾನು ಆಡದೆ, ಆಟವನ್ನು ಆಟವಾಗಿ ಉಳಿಸಿದವನಿಗೆ ಪುಟದ ಅಂಚಿನಲ್ಲಿ ಒಂದು ಗೆರೆಯಷ್ಟು ಜಾಗ. ಆ ಗೆರೆಯ ಜನ ಎಲ್ಲ ಊರುಗಳಲ್ಲೂ ಇರುತ್ತಾರೆ. ತಪ್ಪನ್ನೇ ಮಾಡದವರೆಂದು ನಾವು ಅವರನ್ನು ನಂಬುತ್ತೇವೆ, ನಮ್ಮ ಕಣ್ಣೆದುರಿನ ಲೆಕ್ಕವನ್ನೇ ಅಳಿಸುವಷ್ಟು ನಂಬುತ್ತೇವೆ. ಅದು ನಮ್ಮ ಸೋಮಾರಿತನ. ಅವರ ದೊಡ್ಡತನ ಬೇರೆಡೆ ಇರುತ್ತದೆ. ಬಿಳಿಯ ಮೇಲೆ ಬಿಳಿ ದಾರ ಹಾಕಿ ಯಾರಿಗೂ ಕಾಣದಂತೆ ಹೊಲಿಗೆ ಮುಚ್ಚಬಲ್ಲ ಕೈ ಅವರದು. ಆ ಕೈಯಿದ್ದೂ ನೀಲಿ ದಾರವನ್ನೇ ಕೇಳಿ ಪಡೆದು, ಎದೆಯ ಮೇಲೆ ಹಾಕಿಕೊಂಡು, ಮತ್ತೆ ಬಿಸಿಲಿಗೆ ಹೋಗಿ ನಿಲ್ಲುತ್ತಾರೆ.